ಒಂದು ಮನಿ, ಎರಡು ಕಡೆ

ನಮ್ಮ ವಾಡಾದಾಗ ಯಾರ ವೋಟು ಯಾವ ಕಡೆ ಬೀಳ್ತೈತಿ ಅಂತ ನನ್ನ ಕೇಳ್ರಿ, ಹೇಳ್ತೇನಿ. ಟಿವಿಯೊಳಗ ಕೋಟು ಹಾಕ್ಕೊಂಡು ಕೂತವರು ಹೇಳಿದ್ದು ಸುಳ್ಳಾದೀತು, ನಾ ಹೇಳಿದ್ದು ಆಗೂದಿಲ್ಲ. ಈ ಮನಿಗೆ ಸೊಸಿಯಾಗಿ ಬಂದು ಇಪ್ಪತ್ತು ವರ್ಷದ ಮ್ಯಾಲಾತು. ಹಾಲು ಹಾಕಾಕ ಹೋಗೂವಾಗ, ಭತ್ತದ ಕಳೆ ತೆಗಿಯೂವಾಗ, ಲಗ್ನದ ಪಂಕ್ತಿಯೊಳಗ ಎಲಿ ಮುಂದ ಕೂತಾಗ, ಬಾಯಿ ಎಷ್ಟು ಆಡಿಸೇನೋ ಕಿವೀನೂ ಅಷ್ಟ ತೆರಕೊಂಡು ಇಟ್ಟೇನಿ. ಪಂಚಾಯ್ತಿ ಇಲೆಕ್ಷನ್‌ಗೆ ಮಂದಿ ನಂಟಸ್ತನ ನೋಡಿ ವೋಟು ಹಾಕ್ತಾರ. ಎಮ್ಮೆಲ್ಲೆ ಇಲೆಕ್ಷನ್‌ಗೆ, ನಮ್ಮ ಮನ್ಯಾಗ ಸಾವಾದಾಗ ಯಾರು ಬಂದು ಕೂತು ಹೋದ್ರು ಅನ್ನೂದು ನೋಡ್ತಾರ. ದಿಲ್ಲಿಗೆ ಕಳಸೂವಾಗ ಮೊಬೈಲ್ ನೋಡ್ತಾರ. ಒಬ್ಬನ ಮನಶ್ಯಾ ಮೂರು ಇಲೆಕ್ಷನ್‌ದಾಗ ಮೂರು ಕಡೆ ಹಾಕಿ, ನಾ ಯಾವತ್ತೂ ಬದಲಾದವ ಅಲ್ಲ ಅಂತ ಖರೇನ ನಂಬಿರ್ತಾನ. ಇಷ್ಟೆಲ್ಲಾ ತಿಳಿದಾಕಿ ನಾನು ಒಂದ ಸಲ ತಪ್ಪೇನಿ. ತಪ್ಪಿದ್ದು ಊರ ಲೆಕ್ಕ ಅಲ್ಲ, ನಮ್ಮ ಮನೀದು.

ವಾಡಾ ಅಂದ್ರ ಭಾಳ ದೊಡ್ಡದೇನಲ್ಲ. ಹಳಿಯಾಳದಿಂದ ದಾಂಡೇಲಿಗೆ ಹೋಗೂ ರೋಡು ಬಿಟ್ಟು ಒಳಗ ಹೊಳ್ಳಿದ್ರ ದೊಡ್ಡೂರು ಬರ್ತೈತಿ. ಪಂಚಾಯ್ತಿ, ಸಾಲಿ, ರೇಶನ್ ಅಂಗಡಿ, ಹಾಲಿನ ಡೇರಿ ಎಲ್ಲಾ ಅಲ್ಲೆ. ಅಲ್ಲಿಂದ ಹಳ್ಳ ದಾಟಿದ್ರ ನಮ್ಮ ವಾಡಾ, ನಮ್ಮ ಬೆನ್ನಿಗೆ ಅಡವಿ. ಅರ್ಧ ಮನಿ ನಮ್ಮಂಗ ಮರಾಠಿ ಮಾತಾಡೂ ಒಕ್ಕಲುತನದವರದು, ಉಳಿದ ಅರ್ಧ ಸಿದ್ದಿ ಮಂದೀದು. ಸಿದ್ದಿ ಮನಿಗಳೊಳಗ ಒಂದ್ರಾಗ ಏಸುವಿನ ಫೋಟೊ, ಅದರ ಬಾಜೂದಾಗ ಶುಕ್ರವಾರದ ನಮಾಜು, ಅದರ ಬಾಜೂದಾಗ ಚೌತಿ ಗಣಪತಿ. ಮೂರೂ ಮನಿಯವರು ಒಬ್ಬರಿಗೊಬ್ಬರು ಕಾಕಾ, ಮಾಮಾ, ಬೀಗರು. ಹಳಿಯಾಳದಿಂದ ಬರೂ ಪಾರ್ಟಿ ಮಂದಿ, ಈ ದೇವರಿಗೆ ಇಷ್ಟು ವೋಟು, ಆ ದೇವರಿಗೆ ಅಷ್ಟು ವೋಟು ಅಂತ ಲೆಕ್ಕಾ ಹಾಕ್ಕೊಂಡು ಬಂದು, ಇಲ್ಲೆ ತಲಿ ಕೆರಕೊಂಡು ಹೋಗ್ತಾರ.

ಅವರ ಲೆಕ್ಕ ಹತ್ತದ ಇರಾಕ ಇನ್ನೊಂದು ಕಾರಣ ಐತಿ. ನಮ್ಮಲ್ಲೆ ಮನಿ ಒಂದಾದ್ರೂ ವೋಟು ಎರಡು ಕಡೆ. ಗಂಡಸರು ಒಂದು ಪಾರ್ಟಿಗೆ ಹಾಕಿದ್ರ ಹೆಂಗಸರು ಎದುರಿನ ಪಾರ್ಟಿಗೆ. ಇದು ಜಗಳ ಅಲ್ರಿ, ಪದ್ಧತಿ. ನಾವು ಉಳೂ ಹೊಲದಾಗ ಭಾಳಷ್ಟು ಅಡವಿ ಜಾಗಾ. ಅಜ್ಜ ಮುತ್ತ್ಯಾರು ಕಡಿದು ಹಸನ ಮಾಡಿದ್ದು, ಆದ್ರ ಹಕ್ಕಿನ ಕಾಗದ ಇನ್ನೂ ಕೈಗೆ ಬಂದಿಲ್ಲ. ಹಿಂದ ಒಂದು ಸಲ ವಾಡಾಕ್ಕ ವಾಡಾನ ಒಂದು ಪಾರ್ಟಿಗೆ ಹಾಕಿ, ಗೆದ್ದದ್ದು ಇನ್ನೊಂದು ಆಗಿ, ಐದು ವರ್ಷ ನಮ್ಮ ಪರವಾಗಿ ಒಂದು ಮಾತು ಆಡಾಕ ಯಾರೂ ಸಿಗಲಿಲ್ಲಂತ. ಆವಾಗ ಹಿರ್ಯಾರು ಕೂತು ಠರಾವು ಮಾಡಿದ್ರು: ಇನ್ನ ಮ್ಯಾಲ ಯಾರ ಗೆದ್ರೂ, ಪ್ರತಿ ಮನಿಯಿಂದ ಒಬ್ಬರು ಅವರ ಮುಂದ ಹೋಗಿ ‘ನಾ ನಿಮಗ ಹಾಕೇನ್ರಿ’ ಅಂತ ಹೇಳೂವಂಗ ಇರಬೇಕು. ಅದನ್ನ ಸುಳ್ಳು ಹೇಳಬಾರದು, ಹಾಕಿನ ಹೇಳಬೇಕು.

ಲಗ್ನ ಆಗಿ ಬಂದ ಮ್ಯಾಲ ಮೊದಲನೇ ಇಲೆಕ್ಷನ್ ಬಂದಾಗ ನನಗ ಇದು ಗೊತ್ತಾತು. ನಮ್ಮತ್ತಿಗೆ ಮನ್ಯಾಗ ಎಲ್ಲಾರೂ ಆಯಿ ಅಂತಾರ, ನಾನೂ ಹಂಗ ಅಂತೇನಿ. ಹಿಟ್ಟಿನ ಡಬ್ಬಿ ಯಾವುದು, ಖಾರದ ಡಬ್ಬಿ ಯಾವುದು ಅಂತ ತೋರಿಸಿದಂಗ ಆಯಿ ವೋಟನ್ನೂ ತೋರಿಸಿ ಕೊಟ್ಲು.

‘ನಿನ್ನ ಮಾವ, ನಿನ್ನ ಗಂಡ ಆ ಕಡೆ. ನಾನು ಈ ಕಡೆ. ನೀನೂ ಈ ಕಡೆ. ತಿಳೀತಿಲ್ಲೊ?’

ನನಗ ನಗೂದೋ ಸಿಟ್ಟಾಗೂದೋ ತಿಳೀಲಿಲ್ಲ. ನಾ ಹುಟ್ಟಿ ಬೆಳದದ್ದು ದಾಂಡೇಲಿಯೊಳಗ. ನಮ್ಮಪ್ಪ ಧಾರವಾಡ ಕಡೆ ಹಳ್ಳಿಯಿಂದ ಬಂದು ಕಾಗದದ ಮಿಲ್ಲಿಗೆ ಸೇರಿದವ. ಮಿಲ್ ಮಂದಿ ಓಣಿಯೊಳಗ ಯೂನಿಯನ್ ಇಲೆಕ್ಷನ್ ಬಂತಂದ್ರ ಯಾರು ಯಾರ ಕಡೆ ಅನ್ನೂದು ಬಾಗಲದಾಗ ಕಟ್ಟಿದ ಬಾವುಟಾ ನೋಡಿದ್ರ ತಿಳೀತಿತ್ತು. ಅಪ್ಪನ ಕಡೆಯವರು ಸೋತ್ರ ಅಪ್ಪ ಎರಡು ದಿನ ಸರಿಯಾಗಿ ಉಣ್ತಿದ್ದಿಲ್ಲ, ಎದುರು ಕಡೆಯವನು ‘ಬರ್ರಿ, ಚಾ ಕುಡಿಯೂಣು’ ಅಂದ್ರ ಹಿಂದ ಹೊಳ್ಳಿ ನೋಡ್ತಿದ್ದಿಲ್ಲ. ಮನಶ್ಯಾ ಅಂದ್ರ ಹಂಗಿರಬೇಕು ಅಂತ ನೋಡ್ಕೋತ ಬೆಳದಾಕಿ ನಾನು. ಹಂತಾಕಿಗೆ ಈ ಅಡ್ಡಗ್ವಾಡಿ ಮ್ಯಾಲ ದೀಪ ಇಡೂ ಆಟ ಎಲ್ಲೆ ಸೇರಬೇಕು?

‘ಆಯಿ, ಇದು ಹೆದರಿದವರ ಕೆಲಸ. ನನ್ನ ವೋಟು ನಾ ನೋಡ್ಕೋತೇನಿ’ ಅಂದೆ. ಹೊಸಾ ಸೊಸಿ, ಬಾಯಿ ನೋಡ್ರಿ ನಂದು.

ಆಯಿ ಶೇಂಗಾ ಸುಲಿಯೂದು ನಿಲ್ಲಸಲಿಲ್ಲ. ‘ಹೆದರಿದವರ ಹೊಲಾನ ಉಳದಾವ’ ಅಂದ್ಲು. ಅಷ್ಟ. ಮುಂದ ಯಾವ ಇಲೆಕ್ಷನ್‌ದಾಗೂ ನನ್ನ ವೋಟಿನ ಉಸಾಬರಿಗೆ ಆಕಿ ಬರಲಿಲ್ಲ. ಮಾವ ತೀರಿಕೊಂಡ ಮ್ಯಾಲೂ ಆಕಿ ತನ್ನ ಕಡೆ ಬಿಡಲಿಲ್ಲ, ನಮ್ಮ ಮನಿಯವರು ತಮ್ಮ ಕಡೆ ಬಿಡಲಿಲ್ಲ. ನಾನೊಬ್ಬಾಕಿ ಕಟ್ಟಿಲ್ಲದ ಎಮ್ಮಿ ಹಂಗ ನನಗ ಸರಿ ಕಂಡಲ್ಲೆ ಹಾಕ್ಕೋತ ಬಂದೆ. ಹಂಗಂತ ನನಗೂ ಒಂದು ಪಾರ್ಟಿ ಅಂದ್ರ ಅಗದೀ ಆಗೂದಿಲ್ಲ. ಆಯಿ ಹಾಕೂದು ಅದಕ್ಕ. ಹೆಸರು ಯಾಕ ಬೇಕು, ಬಿಡ್ರಿ.

ಖರೇ ಹೇಳಬೇಕಂದ್ರ ನನ್ನ ಕಣ್ಣು ಬೆಂಗಳೂರು ಮ್ಯಾಲೂ ಇದ್ದಿದ್ದಿಲ್ಲ, ದಿಲ್ಲಿ ಮ್ಯಾಲೂ ಇದ್ದಿದ್ದಿಲ್ಲ, ನಮ್ಮ ಹಳ್ಳದ ಮ್ಯಾಲ ಇತ್ತು. ವಾಡಾದ ಎಲ್ಲಾ ಮನ್ಯಾಗ ಎಮ್ಮಿ ಅದಾವ. ಹಾಲು ದೊಡ್ಡೂರಿನ ಡೇರಿಗೆ ಮುಂಜಾನೆ ಲಗೂನ ಮುಟ್ಟಬೇಕು, ಮುಟ್ಟಲಿಲ್ಲಂದ್ರ ಗಾಡಿ ಹೋಗಿಬಿಡ್ತೈತಿ. ಬ್ಯಾಸಗ್ಯಾಗ ಏನೂ ತ್ರಾಸಿಲ್ಲ. ಮಳಿಗಾಲದಾಗ ಹಳ್ಳಕ್ಕ ಅಡ್ಡ ಹಾಕಿದ ಎರಡು ದಿಮ್ಮಿ ಮ್ಯಾಲ, ತಲಿ ಮ್ಯಾಲ ಕ್ಯಾನು ಹೊತ್ಕೊಂಡು, ಕೆಳಗಿನ ನೀರು ನೋಡದ ದಾಟಬೇಕು. ಒಂದು ಮಳಿಗಾಲ ಬಾಜೂ ಮನಿ ಸಿದ್ದಿ ಗೆಳತಿ ನನ್ನ ಕಣ್ಣ ಮುಂದ ಜಾರಿ ಬಿದ್ಲು. ಕ್ಯಾನು ಹೋತು, ಹೋಗ್ಲಿ. ಆಕಿ ಕಾಲು ಮುರೀತು. ನಾ ಮತ್ತ ಇನ್ನಿಬ್ಬರು ಕೂಡಿ ಆಕೀನ ಹೊತ್ಕೊಂಡು ದಡಕ್ಕ ತಂದ್ವಿ. ಆ ಕಾಲು ಕೂಡೇತಿ ಖರೆ, ಆದ್ರ ನಡಗಿ ಇವತ್ತಿಗೂ ಸರಿ ಆಗಿಲ್ಲ. ಆ ಹಳ್ಳಕ್ಕ ಒಂದು ಸಣ್ಣ ಸೇತುವಿ ಬೇಕು ಅಂತ ನಾವು ಕೇಳದ ವರ್ಷ ಇಲ್ಲ. ಕೇಳಿದಾಗೊಮ್ಮೆ ‘ಮುಂದಿನ ವರ್ಷ ಮಾಡೂಣು’. ಪಂಚಾಯ್ತಿಗೆ ಹೋಗೂ ಮೆಂಬರು ಯಾವಾಗ್ಲೂ ದೊಡ್ಡೂರಿನವರು, ಅವರ ಕಾಲೇನು ಹಸಿ ಆಗ್ತಿದ್ವು?

ಅಂತಾದ್ರಾಗ ಪಂಚಾಯ್ತಿ ಇಲೆಕ್ಷನ್ ಬಂತು. ನಮ್ಮ ಕ್ಷೇತ್ರ ಅಂದ್ರ ನಮ್ಮ ವಾಡಾ ಮತ್ತ ದೊಡ್ಡೂರಿನ ಕೆಳಗಿನ ಓಣಿ. ಆ ಸಲ ಸೀಟು ಹೆಂಗಸರಿಗೆ ಬಿತ್ತು. ಗೆಳತಿ ಕುಂಟ್ಕೋತ ನಮ್ಮ ಅಂಗಳಕ್ಕ ಬಂದು ಕಟ್ಟಿ ಮ್ಯಾಲ ಕೂತ್ಲು.

‘ವೈನಿ, ನೀ ನಿಲ್ಲು. ನಿನ್ನ ಬಾಯಿ ಬರೇ ಮನ್ಯಾಗ ಖರ್ಚಾಗಾಕತ್ತೈತಿ’ ಅಂದ್ಲು.

ನನಗೂ ಅದ ಬೇಕಾಗಿತ್ತು. ಒಂದು ಸಲ ಬ್ಯಾಡ ಅಂದಂಗ ಮಾಡಿ ಒಪ್ಕೊಂಡೆ. ನಿಂತದ್ದು ಆ ಸೇತುವಿಗೆ. ಬ್ಯಾರೆ ಏನೂ ಭರವಸೆ ಕೊಡಲಿಲ್ಲ ನಾನು. ಗೆದ್ರ ಸೇತುವಿ, ಸೋತ್ರ ಇನ್ನೈದು ಮಳಿಗಾಲ ದಿಮ್ಮಿ. ಇದು ವಾಡಾದ ಎಲ್ಲಾ ಹೆಂಗಸರಿಗೂ ತಿಳಿದ ಮಾತು.

ನನ್ನ ಎದುರಿಗೆ ನಿಂತಾಕಿ ಕೆಳಗಿನ ಓಣಿಯ ಟ್ರ್ಯಾಕ್ಟರ್ ಮನಿ ಹೆಣಮಗಳು. ಕೆಟ್ಟಾಕಿ ಅಲ್ಲ, ಡೇರಿ ಮುಂದ ಸಿಕ್ರ ನಕ್ಕು ಮಾತಾಡಿಸೂವಾಕಿ. ಪಂಚಾಯ್ತಿ ಇಲೆಕ್ಷನ್‌ಗೆ ಪಾರ್ಟಿ ಗುರ್ತು ಇರೂದಿಲ್ಲ, ಇಲೆಕ್ಷನ್ ಸಾಹೇಬರು ಕೊಟ್ಟದ್ದನ್ನ ತಗೋಬೇಕು. ಆಕಿಗೆ ಆಟೋರಿಕ್ಷಾ ಬಂತು, ನನಗ ಹೊಲಿಗಿ ಮಶೀನು. ಗುರ್ತು ಇಲ್ಲಂದ್ರೂ ಯಾರು ಯಾವ ಪಾರ್ಟಿ ಕಡೆಯವರು ಅಂತ ಹುಟ್ಟಿದ ಕೂಸಿಗೂ ಗೊತ್ತಿತ್ತು. ಆಕಿ ಮನಿ ಮಂದಿ ಆಯಿ ಹಾಕೂ ಪಾರ್ಟಿಯವರು.

ನನಗ ಇದ್ದ ಹೆದರಿಕಿ ಒಂದ. ಎದುರಿನಾಕಿಗೆ ಅಲ್ಲ, ನಮ್ಮ ಪದ್ಧತಿಗೆ. ಮನಿಗೆ ಎರಡು ಕಡೆ ಹಾಕೂ ಮಂದಿ ನಂಗೂ ಅರ್ಧ ಹಾಕಿ, ಆಕಿಗೂ ಅರ್ಧ ಹಾಕಿದ್ರ? ವಾಡಾದವರನ್ನೆಲ್ಲಾ ನಮ್ಮ ಅಂಗಳದಾಗ ಕೂಡ್ಸಿದೆ. ಗಂಡಸರು, ಹೆಂಗಸರು, ಮುದುಕರು, ಕಾಲು ಬರದವರನ್ನ ಕೂಡ ಎತ್ಕೊಂಡು ತಂದು ಕೂಡ್ಸಿದ್ರು.

‘ನಿಮ್ಮ ಪದ್ಧತಿ ದೊಡ್ಡ ಇಲೆಕ್ಷನ್‌ಗೆ ಇಟ್ಕೋರಿ, ನಾ ಬ್ಯಾಡ ಅನ್ನೂದಿಲ್ಲ’ ಅಂದೆ. ‘ಈ ಸಲ ನಿಂತಾಕಿ ನಿಮ್ಮ ಮನ್ಯಾಕಿ. ಗೆದ್ದವರ ಮುಂದ ಹೋಗಿ ಕೈ ಕಟ್ಕೊಂಡು ನಿಲ್ಲೂದು ಯಾಕ ಬೇಕು, ಗೆದ್ದವರು ನಾವ ಆಗೂಣು. ಅರ್ಧ ಅರ್ಧ ಹಂಚಿದ್ರಿ ಅಂದ್ರ ನಮ್ಮ ವೋಟು ನಮ್ಮನ್ನ ತಿಂತಾವ.’

ಎಲ್ಲಾರೂ ಗೋಣು ಹಾಕಿದ್ರು. ವಾಡಾದ ಹಿರ್ಯಾ ಕಾಯಿ ಒಡದ. ಎಲಿ ಅಡಿಕಿ ತಾಟು ಸುತ್ತ ಹೋತು. ನಮ್ಮ ಕಡೆ ಇಂಥಾ ಮಾತಿನ್ಯಾಗ ಎಲಿ ಅಡಿಕಿ ತಗೊಂಡು ಬಾಯಾಗ ಹಾಕ್ಕೊಂಡ್ರ ಮಾತು ಕೊಟ್ಟಂಗ, ಆ ಮ್ಯಾಲ ತಪ್ಪಂಗಿಲ್ಲ. ಎಲ್ಲಾರೂ ತಗೊಂಡ್ರು. ನಮ್ಮ ಮನಿಯವರೂ ಮಂದಿ ನಡುವ ಕೂತಿದ್ದಕ್ಕ ತಗೊಂಡ್ರು. ಆಯಿ ಒಳಗ ಚಾ ಕಾಸಾಕತ್ತಿದ್ಲು. ತಾಟು ಆಕಿ ಮುಂದ ಹೋಗಲಿಲ್ಲ. ಮನಿ ಮಂದಿಗೆ, ಅದೂ ಚಾ ಮಾಡೂ ಅತ್ತಿಗೆ, ಯಾರರ ಎಲಿ ಅಡಿಕಿ ಕೊಟ್ಟು ಮಾತು ತಗೋತಾರೇನ್ರಿ? ನನಗ ನೆನಪಿಗೂ ಬರಲಿಲ್ಲ.

ಆ ದಿನದಿಂದ ನನ್ನ ಕಾಲು ನೆಲದ ಮ್ಯಾಲ ಇದ್ದಿದ್ದಿಲ್ಲ. ಕೆಳಗಿನ ಓಣಿ ಮನಿ ಮನಿ ತಿರಗಿದೆ. ಅಲ್ಲಿ ಹೆಂಗಸರೂ ಸುಮಾರು ಮಂದಿ ಬರ್ತೇವಿ ಅಂದ್ರು. ವಾಡಾ ಪೂರಾ ನಂದು, ಅದರ ಮ್ಯಾಲ ಕೆಳಗಿನ ಓಣಿಯೊಳಗ ಬಂದಷ್ಟೂ ಲಾಭ. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದೆ, ಗುರ್ತೂ ಹೊಲಿಗಿ ಮಶೀನು ಇತ್ತಲ್ಲ. ಸೇತುವಿ ಎಲ್ಲೆ ಬರಬೇಕು, ಎಷ್ಟು ಎತ್ತರ ಇರಬೇಕು ಅಂತ ಹಳ್ಳದ ದಂಡಿ ಮ್ಯಾಲ ಗೂಟಾ ಬಡಿದು ಬಂದೆ. ಸಂಜಿ ಊಟಕ್ಕ ಕೂತಾಗ ದಿನಾ ಅದ ಮಾತು. ಒಂದಿನ ಆಯಿ ರೊಟ್ಟಿ ಬಡಿಯೂದು ನಿಲ್ಲಿಸಿ ಕೇಳಿದ್ಲು:

‘ಖರೇನ ಗೆಲ್ತಿ?’

‘ಗೆಲ್ತೇನ್ರಿ ಆಯಿ. ಆಕಿ ಮುಂದ ದಿಟ್ಟಿಸಿ ನೋಡಿದ್ರೂ ನನ್ನ ಬೆನ್ನು ಕಾಣಬಾರದು, ಹಂಗ ಗೆಲ್ತೇನಿ. ವೋಟು ಹಂಚಿ ಮ್ಯಾಲ ಮಿಗತಾವ.’

‘ಹಂಗಾದ್ರ ಚೊಲೊ ಆತು’ ಅಂದು ಆಯಿ ರೊಟ್ಟಿ ಹಂಚಿನ ಮ್ಯಾಲ ಹಾಕಿದ್ಲು. ನಾ ಅದನ್ನ ಆಶೀರ್ವಾದ ಅಂತ ತಿಳ್ಕೊಂಡೆ.

ವೋಟಿನ ದಿನ ಗೋವಾದಾಗ ದುಡಿಯಾಕ ಹೋದ ನಮ್ಮ ವಾಡಾದ ಹುಡುಗ್ರು ಅನಮೋಡ ಘಾಟಿ ಹತ್ತಿ ಬಂದ್ರು. ಒಬ್ಬವ ಹೋಟೆಲಿನ ಸಾಹೇಬನ ಕೂಡ ಜಗಳಾ ಮಾಡಿ ರಜಾ ತಗೊಂಡು ಬಂದಿದ್ದ. ಗೆಳತಿ ಕುಂಟ್ಕೋತ ಸಾಲಿನ್ಯಾಗ ಮೊದಲ ನಿಂತಿದ್ಲು. ಆಯಿ ಒಂಬತ್ತುವಾರಿ ಸೀರಿ ಉಟ್ಕೊಂಡು, ಹಣಿ ತುಂಬ ಕುಂಕುಮದ ಜಾಗಾದಾಗ ಕರೀ ಬುಕ್ಕಿಟ್ಟಿನ ಪುಡಿ ಹಚ್ಚಿ, ತನ್ನ ಪಾಳಿ ಬರೂತನಕ ನಿಂತ ಕಾಲ ಮ್ಯಾಲ ನಿಂತು ವೋಟು ಹಾಕಿ ಬಂದ್ಲು. ನಾ ಬಾಗಲದ ಹೊರಗ ನೂರು ಮಾರು ದೂರ ನಿಂತು ಎಲ್ಲಾರ ಮಾರಿ ನೋಡಿದೆ. ಒಬ್ಬರ ಮಾರಿಮ್ಯಾಲೂ ಕಳ್ಳತನ ಇದ್ದಿದ್ದಿಲ್ಲ. ಆಯಿ ಮಾರಿಮ್ಯಾಲ ಅಂತೂ ಗುಡಿಗೆ ಹೋಗಿ ಬಂದ ಕಳಾ ಇತ್ತು.

ಎಣಿಕಿ ಹಳಿಯಾಳದಾಗ. ನಾನು, ನಮ್ಮ ಮನಿಯವರು, ಗೆಳತಿ ಹೋಗಿದ್ವಿ. ನನ್ನ ಕಡೆ ಕಟ್ಟು, ಆಕಿ ಕಡೆ ಕಟ್ಟು ಏರ್ಕೋತ ಏರ್ಕೋತ ಕಡೀಗೆ ಸಮಾ ಬಂದ್ವು, ಆ ಮ್ಯಾಲ ಒಂದು ಚೀಟಿ ಉಳೀತು. ಅದರ ಮ್ಯಾಲ ಶಿಕ್ಕಾ ಆಟೋರಿಕ್ಷಾಕ್ಕ ಬಿದ್ದಿತ್ತು. ಮತ್ತೊಮ್ಮೆ ಎಣಸ್ರಿ ಅಂದೆ, ಎಣಿಸಿದ್ರು. ಒಂದ ವೋಟು. ನಾ ಒಂದು ವೋಟಿನಿಂದ ಸೋತಿದ್ದೆ.

ಹತ್ತು ವೋಟಿನಿಂದ ಸೋತ್ರ ಮನಶ್ಯಾ ಅಳ್ತಾನ. ಒಂದರಿಂದ ಸೋತ್ರ ಅಳೂ ಬರೂದಿಲ್ಲ, ಹುಡುಕಾಕ ಹತ್ತತಾನ. ಕೆಳಗಿನ ಓಣಿಯೊಳಗ ಯಾರು ನನಗ ಹಾಕ್ಯಾರ, ಯಾರು ಹಾಕಿಲ್ಲ ಅನ್ನೂದು ನನಗ ಮೊದಲ ತಿಳಿದಿತ್ತು, ಅದು ನಾ ಅಂದ್ಕೊಂಡಷ್ಟ ಬಂದಿತ್ತು. ಕಡಿಮಿ ಬಿದ್ದದ್ದು ನಮ್ಮ ವಾಡಾದ್ದು, ಅದೂ ಒಂದ. ಎಲಿ ಅಡಿಕಿ ತಿಂದು ಯಾರೋ ಕೈ ಕೊಟ್ಟಿದ್ರು. ಟೆಂಪೋದಾಗ ಒಬ್ಬೊಬ್ಬರ ಹೆಸರು ಹಿಡದು ಬೈಕೋತ ಬಂದೆ. ನಮ್ಮ ಮನಿಯವರು ‘ಸುಮ್ಮ ಕೂಡು, ಮುಗೀತಲ್ಲ’ ಅಂದ್ರು. ನಾ ಸುಮ್ಮ ಕೂಡೂ ಜಾತಿಯಾಕೆಲ್ಲೆ?

ವಾಡಾ ಮುಟ್ಟಿದಾಗ ಮಂದಿ ನಮ್ಮ ಅಂಗಳದಾಗ ಕೂಡಿದ್ರು. ಸುದ್ದಿ ಫೋನಿನ್ಯಾಗ ಮೊದಲ ಬಂದಿತ್ತು. ಕಟ್ಟಿ ಮ್ಯಾಲ ನಿಂತು ನಾ ಬಾಯಿಗೆ ಬಂದಂಗ ಅಂದೆ. ಯಾವ ಬಾಯಾಗ ಎಲಿ ತಿಂದ್ರಿ, ಆ ಬಾಯಿ ತೊಳಕೊಂಡು ಹೇಳ್ರಿ ಅಂದೆ. ಗೆಳತಿ ತನ್ನ ಮಕ್ಕಳ ತಲಿ ಮುಟ್ಟಿ ಆಣಿ ಮಾಡಿದ್ಲು. ಗೋವಾದಿಂದ ಬಂದ ಹುಡುಗ, ‘ಕಾಕೂ, ಕೆಲಸಾ ಬಿಟ್ಟು ಬಂದು ನಾ ಹಿಂಗ ಮಾಡ್ತೇನೇನು’ ಅಂತ ಕಣ್ಣೀರು ತಂದ. ಅಷ್ಟರಾಗ ಒಬ್ಬರು ಇನ್ನೊಬ್ಬರ ಮನಿ ಹಳೇ ದ್ವೇಷ ತೆಗದ್ರು, ಅವರು ಇವರ ಹಳೇದು ಎತ್ತಿದ್ರು. ವಾಡಾ ಒಡಿಯೂದು ನನ್ನ ಕಣ್ಣ ಮುಂದ ಶುರು ಆತು, ಶುರು ಮಾಡಿದಾಕಿ ನಾನ.

ಆವಾಗ ಆಯಿ ಒಳಗಿಂದ ಕೈ ಒರಸ್ಕೋತ ಹೊರಗ ಬಂದ್ಲು.

‘ಯಾರಿಗೂ ಬೈಬ್ಯಾಡ. ಆ ವೋಟು ನಂದು. ನಾ ಆಟೋಕ್ಕ ಒತ್ತೇನಿ.’

ನನಗ ಮೊದಲ ತಿಳೀಲ ಇಲ್ಲ. ಯಾವ ಆಟೋ, ಯಾಕ ಒತ್ತತಾಳ ಅಂತ ನಿಂತೆ. ತಿಳಿದ ಮ್ಯಾಲ ಕಟ್ಟಿಯಿಂದ ಕೆಳಗ ಇಳದೆ.

‘ಆಯಿ, ನನ್ನ ಬಿಟ್ಟು?’

‘ನಿನಗ ಇಡೀ ವಾಡಾ ಐತಿ ಅಂದಿ. ಮಿಗತಾವ ಅಂದಿ’ ಅಂದ್ಲು ಆಯಿ. ಆಕಿ ದನಿಯೊಳಗ ನಾಚಿಕಿನೂ ಇದ್ದಿದ್ದಿಲ್ಲ, ಸಿಟ್ಟೂ ಇದ್ದಿದ್ದಿಲ್ಲ. ‘ಎಲ್ಲಾರೂ ಒಂದ ಕಡೆ ಕೂತ್ರ ದೋಣಿ ಮಗಚತೈತಿ. ಒಬ್ಬರರ ಆ ಕಡೆ ಕೂಡಬೇಕಲ್ಲ? ನಿಮಗೆಲ್ಲಾ ಎಲಿ ಅಡಿಕಿ ಕೊಟ್ಟಾರ, ನನಗ ಯಾರು ಕೊಟ್ಟಾರ? ಅದಕ್ಕ ನಾ ಕೂತೆ.’

ಹೊರಗಿನವರು ಯಾರರ ಹಿಂಗ ಮಾಡಿದ್ರ ಜುಟ್ಟು ಹಿಡೀತಿದ್ದೆ. ಒಳಗ ಹೋಗಿ ಬಾಗಲಾ ಹಾಕ್ಕೊಂಡೆ, ಅವತ್ತು ಅತ್ತೆ. ಸೋತಿದ್ದಕ್ಕ ಅಲ್ಲ. ನನ್ನ ಮನ್ಯಾಕಿ, ನನ್ನ ಕೈಲೆ ಹಾಲು ಕುಡಿಯೂವಾಕಿ, ನನ್ನ ಕಾಲು ಎಳದ್ಲಲ್ಲ ಅಂತ. ಆ ಮ್ಯಾಲ ಭಾಳ ದಿನ ನಾ ಆಯಿ ಕೂಡ ಮಾತಾಡಲಿಲ್ಲ. ಚಾ ಕೊಡ್ತಿದ್ದೆ, ಕಪ್ಪು ಇಡೂ ಸಪ್ಪಳಾ ಮಾತ್ರ ಮೂರು ಮನಿಗೆ ಕೇಳ್ತಿತ್ತು. ವಾಡಾದ ಹೆಂಗಸರೂ ಆಕೀನ ಮಾತಾಡಿಸೂದು ಬಿಟ್ರು. ಆಕಿ ಕಟ್ಟಿ ಮ್ಯಾಲ ಒಬ್ಬಾಕಿನ ಕೂತು ಶೇಂಗಾ ಸುಲೀತಿದ್ಲು, ಯಾರ ಮುಂದೂ ತಪ್ಪಾತು ಅನ್ನಲಿಲ್ಲ. ಅದು ನನಗ ಇನ್ನೂ ಸಿಟ್ಟು ಬರಿಸ್ತಿತ್ತು.

ಹಿಂಗಿರೂವಾಗ ಗೆದ್ದಾಕಿ ಒಂದಿನ ಮುಂಜಾನೆ ಪೇಢೆ ಡಬ್ಬಿ ಹಿಡಕೊಂಡು ವಾಡಾಕ್ಕ ಬಂದ್ಲು. ಬರಬೇಕಲ್ಲ, ರಿವಾಜು. ಮೊದಲನೇ ಮನಿಯಿಂದ ಹಿಡದು ಎಲ್ಲಾ ಮನಿ ಮುಂದೂ ನಿಂತು ‘ನೀವು ಹಾಕಿಲ್ಲ, ನಂಗ ಗೊತ್ತೈತಿ, ಆದ್ರೂ ಬಾಯಿ ಸಿಹಿ ಮಾಡ್ಕೋರಿ’ ಅಂತ ನಕ್ಕೋತ ನಮ್ಮ ಕಟ್ಟಿಗೆ ಬಂದ್ಲು. ನಾ ಎಮ್ಮಿಗೆ ಹಿಂಡಿ ಕಲಸಾಕತ್ತಿದ್ದೆ, ಎದ್ದು ಬಾ ಅನ್ನಲಿಲ್ಲ.

ಆಯಿ ಪೇಢೆ ತಗೊಂಡ್ಲು. ‘ತಂಗೀ, ಈ ವಾಡಾದಾಗ ನಿನಗ ಬಿದ್ದದ್ದು ಒಂದ ವೋಟು. ಅದು ನಂದು. ನೀ ಗೆದ್ದದ್ದೂ ಒಂದ ವೋಟಿನಿಂದ. ಇನ್ನ ನೀ ನಮ್ಮ ಹಳ್ಳಕ್ಕ ಸೇತುವಿ ಮಾಡ್ಸು.’

ಗೆದ್ದಾಕಿ ನಕ್ಕಳು. ‘ಗೆದ್ದ ಮ್ಯಾಲ ಎಲ್ಲಾರೂ ಹಂಗ ಅಂತಾರ್ರಿ ಆಯಿ. ಸೊಸಿ ನಿಂತಾಗ ಅತ್ತಿ ಎದುರಿನವರಿಗೆ ಹಾಕ್ತಾಳ ಅಂದ್ರ ಯಾರು ನಂಬ್ತಾರ?’

ಹಂಗಂದು ನನ್ನ ಕಡೆ ನೋಡಿದ್ಲು. ಆಯಿನೂ ನೋಡಿದ್ಲು. ಬಾಜೂ ಮನಿ ಬಾಗಲದಾಗ ಗೆಳತಿ ಬಂದು ನಿಂತಿದ್ಲು. ನಾ ಹಿಂಡಿ ಬುಟ್ಟಿಯಿಂದ ಕೈ ತೆಗೀಲಿಲ್ಲ. ಒಂದು ಮಾತು ನನ್ನ ಬಾಯಿ ತುದೀಗೆ ಬಂದಿತ್ತು: ಸುಳ್ಳು ಹೇಳ್ತಾಳ ಮುದುಕಿ. ಅಷ್ಟಂದಿದ್ರ ಆಯಿ ಮಾನಾನೂ ಹೋಗ್ತಿತ್ತು, ನನ್ನ ಸಿಟ್ಟೂ ಆರ್ತಿತ್ತು. ಆಮ್ಯಾಲ ಗೆಳತಿ ಕಾಲು ಕಾಣಿಸ್ತು.

‘ಖರೆ ಐತಿ’ ಅಂದೆ. ‘ಆಕಿ ಹಾಕಿದ್ದಕ್ಕ ನೀ ಗೆದ್ದಿ, ನಾ ಸೋತೆ. ಅಂಗಳ ತುಂಬ ಮಂದಿ ಮುಂದ ಹೇಳ್ಯಾಳ. ಯಾರನ್ನ ಬೇಕಾದ್ರೂ ಕೇಳು.’

ಗೆದ್ದಾಕಿ ನಗೂ ನಿಂತಿತು. ಪೇಢೆ ಡಬ್ಬಿ ಕಟ್ಟಿ ಮ್ಯಾಲ ಇಟ್ಟು, ಆಯಿ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ್ಲು. ಸುಳ್ಳು ಯಾಕ ಹೇಳ್ಲಿ, ಆಕಿ ಮಾತಿನ ಮನಶ್ಯಾಳು. ಪಂಚಾಯ್ತಿ ಮೀಟಿಂಗಿನ್ಯಾಗ ಜಗಳಾಡಿ, ತಾಲೂಕಿಗೆ ಅಡ್ಡಾಡಿ, ಎರಡನೇ ಮಳಿಗಾಲಕ್ಕಿಂತ ಮೊದಲ ಹಳ್ಳಕ್ಕ ಸೇತುವಿ ಆತು. ನಾ ಬಡಿದ ಗೂಟಕ್ಕಿಂತ ಸ್ವಲ್ಪ ಮ್ಯಾಲಕ ಆಗೇತಿ. ನಾ ಗೆದ್ದಿದ್ರ ಇಷ್ಟು ಲಗೂ ಆಗ್ತಿತ್ತೊ ಇಲ್ಲೊ, ಆಗ್ತಿತ್ತು ಅಂತ ನಾ ಇವತ್ತಿಗೂ ಹೇಳ್ತೇನಿ. ಹೆಂಗಸರು ಮಾತ್ರ ಅದಕ್ಕ ‘ಆಯಿ ಸೇತುವಿ’ ಅಂತಾರ. ನಾ ಅದರ ಮ್ಯಾಲ ದಿನಾ ಹಾಲು ಹೊತ್ಕೊಂಡು ಹೋಗ್ತೇನಿ. ಆಯಿ ಕೂಡ ಮಾತು ಶುರು ಆತು, ಆದ್ರ ಒಳಗಿನ ಗಂಟು ಬಿಚ್ಚಿರಲಿಲ್ಲ.

ಆಮ್ಯಾಲ ದಿಲ್ಲಿ ಇಲೆಕ್ಷನ್ ಬಂತು. ಅಷ್ಟರಾಗ ಆಯಿಗೆ ಕಣ್ಣು ಅಗದೀ ಮಂದ ಆಗಿದ್ವು. ಆಪರೇಶನ್ ಮಾಡಿಸಿದ್ರೂ ಬೆಳಕು ಕತ್ತಲಿ ಬಿಟ್ರ ಬ್ಯಾರೆ ಕಾಣ್ತಿದ್ದಿಲ್ಲ. ವೋಟು ಮಾತ್ರ ಬಿಡೂದಿಲ್ಲ ಅಂತ ಹಟ. ನಾನೂ ನಮ್ಮ ಮನಿಯವರೂ ಆಕಿ ಎರಡೂ ತೋಳು ಹಿಡಕೊಂಡು ದೊಡ್ಡೂರಿನ ಸಾಲಿಗೆ ಕರಕೊಂಡು ಹೋದ್ವಿ. ನಾವಿಬ್ಬರು ನಮ್ಮ ನಮ್ಮ ವೋಟು ಹಾಕಿದ್ವಿ. ಕಣ್ಣು ಕಾಣದವರ ಜೋಡಿ ಅವರು ಹೇಳಿದ ಒಬ್ಬರು ಒಳಗ ಹೋಗಿ ಗುಂಡಿ ಒತ್ತಬಹುದು, ಒತ್ತಿದ್ದು ಯಾರಿಗಂತ ಹೊರಗ ಹೇಳಂಗಿಲ್ಲ. ಮೇಜಿನ ಮುಂದ ಕೂತ ಮಾಸ್ತರು ಕೇಳಿದ್ರು: ‘ಅಜ್ಜೀ, ನಿಮ್ಮ ಕೂಡ ಯಾರು ಬರ್ತಾರ?’

ನಮ್ಮ ಮನಿಯವರು ಮುಂದ ಬಂದ್ರು. ಮಗಾ ಅಲ್ಲೇನ್ರಿ, ಅವರ ಬರಬೇಕಾದ್ದು.

‘ಸೊಸಿ ಬರ್ತಾಳ’ ಅಂದ್ಲು ಆಯಿ.

ನನ್ನ ಕೈಲೆ ಸಹಿ ತಗೊಂಡ್ರು. ನನ್ನ ಬಲಗೈ ಬೆರಳಿಗೂ ಶಾಯಿ ಹಚ್ಚಿದ್ರು, ಜೋಡಿ ಹೋದವರಿಗೆ ಬಲಗೈಗೆ ಹಚ್ಚತಾರ. ಆ ಮೂರು ಕಡೆ ಮುಚ್ಚಿದ ರಟ್ಟಿನ ಹಿಂದ ನಾವಿಬ್ಬರ. ಆಯಿ ನನ್ನ ಕಿವ್ಯಾಗ ಹೇಳಿದ್ಲು. ನಂಗ ಹೇಳಬೇಕಾದ್ದೇನಿತ್ತು, ಗೊತ್ತಿದ್ದದ್ದ. ಬೆರಳು ಆ ಗುಂಡಿ ಹತ್ತರ ಒಯ್ದೆ, ನಿಂತೆ. ಆ ಪಾರ್ಟಿಗೆ ನಾ ಜನ್ಮದಾಗ ಒತ್ತಿದಾಕಿ ಅಲ್ಲ. ಕೆಳಗಿನ ಗುಂಡಿ ನಂದು. ಅದನ್ನ ಒತ್ತಿದ್ರ ಯಾರು ನೋಡ್ತಾರ? ಆಯಿಗೆ ಕಣ್ಣಿಲ್ಲ, ಮಾಸ್ತರು ಅಷ್ಟು ದೂರ. ಒಂದು ವೋಟಿಗೆ ಒಂದು ವೋಟು, ಬಾಕಿ ಚುಕ್ತಾ. ಆಯಿ ನನ್ನ ತೋಳು ಹಿಡಕೊಂಡು, ಮಾರಿ ಮ್ಯಾಲ ಮಾಡಿ ಸುಮ್ಮ ನಿಂತಿದ್ಲು, ಅವಸರ ಮಾಡಲಿಲ್ಲ.

ಆಕಿ ಹೇಳಿದ್ದನ್ನ ಒತ್ತಿದೆ. ಮಶೀನು ಕೂಗಿತು. ಗಾಜಿನ ಹಿಂದ ಆಕಿ ಚೀಟಿ ಕಂಡಿತು, ಕೆಳಗ ಬಿತ್ತು.

‘ಬಿತ್ತೇನು?’ ಅಂದ್ಲು ಆಯಿ.

‘ಬಿತ್ರಿ’ ಅಂದೆ. ಯಾವುದಕ್ಕ ಬಿತ್ತು ಅಂತ ಆಕಿ ಕೇಳಲಿಲ್ಲ.

ಹೊರಗ ಬಂದ ಮ್ಯಾಲ ನಮ್ಮ ಮನಿಯವರ ಮಾರಿ ಸಣ್ಣದಾಗಿತ್ತು. ‘ಏನ್ ಆಯಿ, ಹೊಟ್ಟಿ ಮಗಾ ಇಲ್ಲೆ ನಿಂತಿದ್ದೆ. ನಿನ್ನ ವೋಟಿನಿಂದ ಸೋತಾಕೀನ ಕರಕೊಂಡು ಹೋದಿ?’

‘ನೀ ಬಂದಿದ್ರ ನಿನ್ನ ಕಡೆ ಒತ್ತಿ, ನನ್ನ ಕಡೆ ಒತ್ತೇನಿ ಅಂತಿದ್ದಿ’ ಅಂದ್ಲು ಆಯಿ. ‘ಈಕಿ ನನಗ ಮನಸಿನ್ಯಾಗ ಬೈತಾಳ, ಬೈಲಿ. ಅವತ್ತು ಪೇಢೆ ತಂದಾಕಿ ಮುಂದ ಖರೆ ಐತಿ ಅಂದ್ಲಲ್ಲ, ಅವತ್ತ ಈಕೀನ ಕರಕೊಂಡು ಬರೂದು ಅಂತ ಮಾಡೇನಿ.’

ನಾ ದಾರಿ ಮ್ಯಾಲ ನಿಂತ ಬಿಟ್ಟೆ. ಇಷ್ಟು ದಿನ ಕಪ್ಪು ಕುಕ್ಕಿ ಚಾ ಕೊಟ್ಟ ನನ್ನ ಕೈ ನೋಡ್ಕೊಂಡೆ. ಎಡಗೈ ಬೆರಳಿನ ಶಾಯಿ ನಂದು, ಬಲಗೈದು ಆಕೀದು, ಎರಡೂ ಬ್ಯಾರೆ ಬ್ಯಾರೆ ಕಡೇದು. ಆಯಿ ನನ್ನ ಬಲಗೈಗೆ ಕೈ ಚಾಚಿ, ‘ನಡಿ, ಎಮ್ಮಿ ಹಿಂಡೂ ಹೊತ್ತಾತು’ ಅಂದ್ಲು.